ಸೇವೆ ಮಾಡಿದ್ದು ಯಾರು, ಶಾಲು ಹೊದಿಸಿದ್ದು ಯಾರಿಗೆ?

ಸಭೆಗಳಲ್ಲಿ, ಅಂದರೆ ಚರ್ಚ್‌ಗಳಲ್ಲಿ, ಇಂಟರ್ನ್‌ಶಿಪ್ ಮುಗಿಸಿ ಬಂದ ದೇವಶಾಸ್ತ್ರದ ವಿದ್ಯಾರ್ಥಿಗಳ ಪೋಸ್ಟ್‌ಗಳು ಈಗ ಸಾಲುಸಾಲಾಗಿ ಬರುತ್ತಿವೆ. ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ ಫೋಟೋ. ನಡುವೆ ಶಾಲು, ಹಾರ, ಮೈಸೂರು ಪೇಟ ತೊಟ್ಟ ವಿದ್ಯಾರ್ಥಿ. ಅಕ್ಕಪಕ್ಕ ಸಭಾಪಾಲಕರು (ಪಾಸ್ಟರ್), ಕಮಿಟಿಯವರು. ಮುಂದೆ ನೆಲದ ಮೇಲೆ ಸಂಡೇ ಸ್ಕೂಲ್ ಮಕ್ಕಳು. ಕೆಳಗೆ "ದೇವರು ನನ್ನನ್ನು ಈ ಸಭೆಯಲ್ಲಿ ಬಲವಾಗಿ ಉಪಯೋಗಿಸಿದರು" ಅಂತ ಒಂದು ಸಾಲು. ನನ್ನ ಹತ್ತಿರಾನೂ ಅಂಥದ್ದೊಂದು ಫೋಟೋ ಇದೆ. ಹಾಕಿಲ್ಲ. ಯಾಕೆ ಹಾಕಿಲ್ಲ ಅಂತ ಹೇಳೋಕೆ ಇಷ್ಟುದ್ದ ಬರೆಯುತ್ತಿದ್ದೇನೆ.

ಆ ಫೋಟೋದಲ್ಲಿ ನಾನು ಉಳಿದಿದ್ದ ಮನೆಯ ಆಂಟಿ ಇಲ್ಲ.

ಊರು ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದ ಹತ್ತಿರ. ಹೆಸರು ಬೇಡ, ಸಣ್ಣ ಊರು, ಹೇಳಿದರೆ ಮನೆಯೇ ಗೊತ್ತಾಗಿಬಿಡುತ್ತದೆ. ನಾನು ಹಾವೇರಿ ಕಡೆಯವಳು. ಆಂಟಿಯ ಊರಲ್ಲಿ ಅರ್ಧ ಜನರದ್ದು ಮನೆಯೊಳಗೆ ತೆಲುಗು, ಹೊರಗೆ ಕನ್ನಡ. ಒಂದೇ ವಾಕ್ಯದಲ್ಲಿ ಎರಡೂ ಬರುತ್ತವೆ. ಮೊದಲ ವಾರ ಮನೆಯ ಅವ್ವ ನನ್ನನ್ನು ನೋಡಿದಾಗೆಲ್ಲ "ಅಮ್ಮಾಯಿ, ತಿನ್ನಾವಾ?" ಅಂತ ಕೇಳುತ್ತಿದ್ದರು. ಹೌದು ಅಂದರೂ ಒಂದು ಮುದ್ದೆ, ಇಲ್ಲ ಅಂದರೆ ಎರಡು. ರೊಟ್ಟಿ ತಿಂದು ಬೆಳೆದವಳಿಗೆ ಮುದ್ದೆ ನುಂಗೋದು ಕಲಿಸಿದ್ದು ಅವ್ವನೇ. ಅವರೆಕಾಯಿ ಕಾಲ ಬಂದ ಮೇಲಂತೂ ಹಿತಕಿದ ಬೇಳೆ ಸಾರಿನ ಮುಂದೆ ನಾನು ರೊಟ್ಟಿ ಹೆಸರೇ ಎತ್ತಲಿಲ್ಲ. ಆ ಅವರೆಕಾಯಿ ಅರ್ಧಕ್ಕರ್ಧ ಬರುತ್ತಿದ್ದದ್ದು ಪಕ್ಕದ ಮನೆಯಿಂದ. ಅವರು ಸಭೆಯವರಲ್ಲ. "ಚರ್ಚ್ ಹುಡುಗಿಗೆ ಕೊಡಿ" ಅಂತ ಮೊರದ ತುಂಬ ತಂದು ಸುರಿದು ಹೋಗುತ್ತಿದ್ದರು.

ಮನೆಯದು ರೇಷ್ಮೆ ಬದುಕು. ರೇಷ್ಮೆ ಹುಳು ಸಾಕುವ ಮನೆಯಲ್ಲಿ ಇರದವರಿಗೆ ಒಂದು ಸ್ವಲ್ಪ ಹೇಳಬೇಕು. ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ಜ್ವರ ಅಂತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಜ್ವರದಲ್ಲಿದ್ದಾಗ ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿ ಸುಮ್ಮನಿರುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ ಶುರುವಾಗುತ್ತದೆ ನೋಡಿ ಹಸಿವು. ತನ್ನ ಇಡೀ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ 80 ಪರ್ಸೆಂಟ್‌ಗೂ ಜಾಸ್ತಿ ಆ ಕೊನೇ ವಾರ ತಿನ್ನುತ್ತದೆ. ಆ ವಾರ ಮನೆಯವರಿಗೆ ನಿದ್ದೆ ಇಲ್ಲ. ಬೆಳಗ್ಗೆ ಹಿಪ್ಪುನೇರಳೆ ಕಡ್ಡಿ ಕಡಿದು ತರಬೇಕು, ಹರಡಬೇಕು, ಮತ್ತೆ ಮಧ್ಯಾಹ್ನ, ಮತ್ತೆ ರಾತ್ರಿ. ಹುಳು ಹಣ್ಣಾದ ಮೇಲೆ, ಅಂದರೆ ಗೂಡು ಕಟ್ಟೋಕೆ ತಯಾರಾದ ಮೇಲೆ, ಆರಿಸಿ ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟೆಗೆ) ಬಿಡಬೇಕು. ಒಂದು ಹೊತ್ತು ತಡ ಮಾಡಿದರೂ ಗೂಡಿನ ತೂಕ ಕಮ್ಮಿ. ಶಿಡ್ಲಘಟ್ಟ ಮಾರ್ಕೆಟ್‌ನಲ್ಲಿ ರೇಟು ಕಮ್ಮಿ. ನೀರಿಲ್ಲದ ಸೀಮೆ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಸಿಕ್ಕರೆ ಪುಣ್ಯ. ಹೀಗಿರುವಾಗ ಒಂದು ಬೆಳೆ ಕೆಟ್ಟರೆ ಸಾಲ.

ಹುಳದ ಮನೆಗೆ ಯಾರೂ ಹಾಗೇ ನುಗ್ಗೋ ಹಾಗಿಲ್ಲ. ಬ್ಲೀಚಿಂಗ್ ನೀರಲ್ಲಿ ಕಾಲು ಅದ್ದಿ ಹೋಗಬೇಕು. ಪೌಡರ್, ಸೆಂಟು, ಸೊಳ್ಳೆ ಬತ್ತಿ, ಊದುಬತ್ತಿ ಏನೂ ನಡೆಯೋದಿಲ್ಲ. ಇಷ್ಟು ಸೂಕ್ಷ್ಮದ ಮನೆಗೆ, ಗುರುತು ಪರಿಚಯ ಇಲ್ಲದ ಒಬ್ಬ ಹುಡುಗಿಯನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳೋಕೆ ಒಪ್ಪಿದ್ದರು. ಇದ್ದ ಎರಡು ರೂಮಿನಲ್ಲಿ ಒಂದನ್ನು ನನಗೆ ಬಿಟ್ಟು, ಗಂಡ ಹೆಂಡತಿ ಹಾಲ್‌ನಲ್ಲಿ ಮಲಗುತ್ತಿದ್ದರು. ಪಡಸಾಲೆಯಲ್ಲಿ ಮಲಗ್ತೀನಿ ಅಂತ ನಾನು ಹಠ ಹಿಡಿದರೆ ಅಂಕಲ್ ಒಂದೇ ಮಾತು: "ಹೆಣ್ಮಗಳು, ಬಾಗಿಲು ಹಾಕ್ಕೊಂಡು ಮಲ್ಕೋಬೇಕು."

ಈಗ ವಿಷಯಕ್ಕೆ ಬರುತ್ತೇನೆ. ಇಂಟರ್ನ್‌ಶಿಪ್ ಮುಗಿಯುವಾಗ ಕಾಲೇಜಿಗೆ ಎರಡು ಫಾರಂ ಹೋಗುತ್ತವೆ. ಒಂದು ನಾನು ತುಂಬಬೇಕು, ಇನ್ನೊಂದು ಪಾಸ್ಟರ್ ತುಂಬಬೇಕು. ಎಷ್ಟು ಪ್ರಸಂಗ (ಚರ್ಚ್‌ನಲ್ಲಿ ಮಾಡುವ ಉಪದೇಶ), ಎಷ್ಟು ಮನೆ ಭೇಟಿ, ಎಷ್ಟು ಪ್ರಾರ್ಥನಾ ಕೂಟ, ಸ್ತ್ರೀಯರ ಕೂಟದಲ್ಲಿ ಏನು ಮಾಡಿದೆ, ಯೌವನಸ್ಥರಿಗೆ ಏನು ಮಾಡಿದೆ. ಎಲ್ಲಕ್ಕೂ ಕಾಲಂ ಇದೆ. ಉಳಿದುಕೊಂಡ ಮನೆಯ ಬಗ್ಗೆ ಒಂದೇ ಕಾಲಂ: ವಿಳಾಸ.

ನನ್ನ ಸಿಟ್ಟು ಇದರ ಮೇಲೆ. ನಾನು ಹೇಗೆ ಪ್ರಸಂಗ ಮಾಡಿದೆ ಅಂತ ಪಾಸ್ಟರ್‌ಗೆ ಗೊತ್ತು, ಸರಿ. ಆದರೆ ನಾನು ಎಂಥ ಮನುಷ್ಯಳು ಅಂತ ಗೊತ್ತಿರೋದು ಆಂಟಿಗೆ. ಬೆಳಗ್ಗೆ ಎದ್ದು ಹಾಸಿಗೆ ಮಡಚುತ್ತಾಳಾ, ಕೆಲಸದವರ ಜೊತೆ ಹೇಗೆ ಮಾತಾಡುತ್ತಾಳೆ, ಬೇರೆ ಮನೆಯ ಗುಟ್ಟನ್ನು ಈ ಮನೆಯಲ್ಲಿ ಹೇಳುತ್ತಾಳಾ, ಕರೆಂಟ್ ಹೋದಾಗ ಮುಖ ಗಂಟು ಹಾಕ್ಕೋತಾಳಾ. ನಾಳೆ ಸಭೆ ನಡೆಸುವವಳ ಬಗ್ಗೆ ಇದಕ್ಕಿಂತ ಮುಖ್ಯವಾದ ಸಾಕ್ಷಿ ಯಾವುದಿದೆ? ಆ ಸಾಕ್ಷಿಯನ್ನು ಯಾರೂ ಕರೆದು ಕೇಳುವುದಿಲ್ಲ. ಪ್ರಸಂಗ ಎಷ್ಟು ನಿಮಿಷ ಇತ್ತು ಅಂತ ಕೇಳುತ್ತಾರೆ.

ಆಯ್ತು, ಸತ್ಯವೇದ, ಅಂದರೆ ಬೈಬಲ್, ಏನು ಹೇಳುತ್ತದೆ ನೋಡೋಣ, ನಾವು ಓದೋದು ಅದನ್ನೇ ಅಲ್ವಾ. ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ ಕೊನೇ ಅಧ್ಯಾಯ, 16ನೆಯದು, ಬರೀ ಹೆಸರುಗಳ ಪಟ್ಟಿ. ಕ್ಲಾಸ್‌ನಲ್ಲಿ ಅದನ್ನು ಹಾರಿಸಿಬಿಡುತ್ತೇವೆ. ನನಗೆ ಈಗ ಇಡೀ ಪತ್ರದಲ್ಲಿ ಅದೇ ಇಷ್ಟ. ಪೌಲ ಫೊಯಿಬೆಯ ಹೆಸರು ಹೇಳುತ್ತಾನೆ, ನನಗೂ ಎಷ್ಟೋ ಜನಕ್ಕೂ ಸಹಾಯ ಮಾಡಿದವಳು ಅಂತ. ರೂಫನ ತಾಯಿಯನ್ನು ನನಗೂ ತಾಯಿ ಅನ್ನುತ್ತಾನೆ. ತಾನು ಆಗ ಉಳಿದುಕೊಂಡಿದ್ದ ಮನೆಯ ಯಜಮಾನ, ಗಾಯ ಅನ್ನುವವನ ವಂದನೆಯನ್ನೂ ಸೇರಿಸುತ್ತಾನೆ. ಪ್ರಿಸ್ಕ, ಅಕ್ವಿಲ ಇದ್ದಾರೆ. ಕೊರಿಂಥದಲ್ಲಿ ಅವರ ಮನೆಯಲ್ಲಿದ್ದಾಗ ಪೌಲ ಬರೀ ಪ್ರಸಂಗ ಮಾಡಿಕೊಂಡು ಕೂರಲಿಲ್ಲ, ಅವರ ಜೊತೆ ಕೂತು ಗುಡಾರದ ಕೆಲಸ ಮಾಡಿದ. ಅಪೊಸ್ತಲರ ಕೃತ್ಯಗಳು 18ರಲ್ಲಿ ಅದು ಸ್ಪಷ್ಟವಾಗಿದೆ. ಅಷ್ಟು ದೊಡ್ಡ ಪತ್ರದಲ್ಲಿ ಅನ್ನ ಹಾಕಿದವರ ಹೆಸರಿಗೆ ಜಾಗ ಇತ್ತು. ನಮ್ಮ ನಾಲ್ಕು ಪುಟದ ಫಾರಂನಲ್ಲಿ ಇಲ್ಲ.

ಇದಕ್ಕಿಂತ ಮಜಾ ಇನ್ನೊಂದಿದೆ. ದಿದಾಖೆ ಅಂತ ಒಂದು ಪುಟ್ಟ ಗ್ರೀಕ್ ಪುಸ್ತಕ, ಆದಿ ಸಭೆಗಳ ಕಾಲದ ನಿಯಮಾವಳಿ. ಅದರ ಹಸ್ತಪ್ರತಿ ಸಿಕ್ಕಿದ್ದು 1873ರಲ್ಲಿ, ಕಾನ್‌ಸ್ಟಾಂಟಿನೋಪಲ್‌ನಲ್ಲಿ. ಊರೂರು ಸುತ್ತುವ ಸೇವಕರನ್ನು ಹೇಗೆ ನೋಡಿಕೊಳ್ಳಬೇಕು ಅಂತ ಅದರಲ್ಲಿ ಬರುತ್ತದೆ. ಬಂದವನನ್ನು ಕರ್ತನನ್ನೇ (ಯೇಸುವನ್ನೇ) ಬರಮಾಡಿಕೊಂಡ ಹಾಗೆ ಬರಮಾಡಿಕೊಳ್ಳಿ. ಆದರೆ ಒಂದು ದಿನ ಇರಲಿ. ಬೇಕಾದರೆ ಇನ್ನೊಂದು ದಿನ. ಮೂರನೇ ದಿನವೂ ಉಳಿದರೆ ಅವನು ಸುಳ್ಳು ಪ್ರವಾದಿ! ಹೊರಡುವಾಗ ಮುಂದಿನ ಊರು ಮುಟ್ಟುವವರೆಗೆ ಬೇಕಾಗುವಷ್ಟು ರೊಟ್ಟಿ ಬಿಟ್ಟರೆ ಏನೂ ತಗೊಳ್ಳಬಾರದು. ದುಡ್ಡು ಕೇಳಿದರೆ ಆಗಲೂ ಸುಳ್ಳು ಪ್ರವಾದಿ. ಅಲ್ಲೇ ನೆಲೆಸುತ್ತೇನೆ ಅಂದರೆ ದುಡಿದು ತಿನ್ನಲಿ. ಈ ಲೆಕ್ಕದಲ್ಲಿ ನಾನು ಜೂನ್ ಮೊದಲ ವಾರದಲ್ಲೇ ಸುಳ್ಳು ಪ್ರವಾದಿ ಆಗಿದ್ದೆ. ಆ ನಿಯಮ ಬರೆದವರು ಕಟುಕರಲ್ಲ. ಅತಿಥಿ ಬಂದರೆ ಮನೆಯವರಿಗೆ ಎಷ್ಟು ಭಾರ ಅಂತ ಅವರಿಗೆ ಗೊತ್ತಿತ್ತು, ಅಷ್ಟೇ. ಅದಕ್ಕೇ ಮನೆಯವರ ಕಡೆ ನಿಂತು ನಿಯಮ ಮಾಡಿದರು. ನಮ್ಮ ನಿಯಮಗಳು ಯಾರ ಕಡೆ ನಿಂತಿವೆ?

ನನಗೆ ತಿಂಗಳಿಗೆ ಸ್ವಲ್ಪ ಭತ್ಯೆ ಬರುತ್ತಿತ್ತು. ಬಸ್ ಚಾರ್ಜ್‌ಗೆ, ಫೋನ್ ಖರ್ಚಿಗೆ ಆಗುತ್ತಿತ್ತು. ಮನೆಯವರಿಗೆ ಏನೂ ಇಲ್ಲ. ಸಂಬಂಧಪಟ್ಟ ಒಬ್ಬರನ್ನು ಕೇಳಿದೆ. "ಅತಿಥಿ ಸತ್ಕಾರ ವಿಶ್ವಾಸಿಗಳ ಧರ್ಮ ಅಲ್ವೇನಮ್ಮಾ, ಅದಕ್ಕೆಲ್ಲ ದುಡ್ಡು ಕೊಟ್ಟರೆ ಆಶೀರ್ವಾದ ಹೋಗುತ್ತೆ" ಅಂದರು. ಆಳು ತನ್ನ ಕೂಲಿಗೆ ಯೋಗ್ಯನು ಅನ್ನೋ ಲೂಕನ ಸುವಾರ್ತೆಯ ಮಾತನ್ನು ಸೇವಕರ ಸಂಬಳದ ವಿಷಯ ಬಂದಾಗ ನೆನಪಿಟ್ಟುಕೊಳ್ಳುತ್ತೇವೆ. ರಾತ್ರಿ ಹತ್ತಕ್ಕೆ ಹುಳಕ್ಕೆ ಸೊಪ್ಪು ಹಾಕಿ ಬಂದು, ಕಾಟೇಜ್ ಮೀಟಿಂಗ್ (ಮನೆಯಲ್ಲಿ ನಡೆಯುವ ಪ್ರಾರ್ಥನಾ ಕೂಟ) ಮುಗಿಸಿ ತಡವಾಗಿ ಬಂದ ಇಂಟರ್ನ್‌ಗೆ ಸಾರು ಬಿಸಿ ಮಾಡಿ ಕೊಡುವವಳ ವಿಷಯದಲ್ಲಿ ಅದು ಆಶೀರ್ವಾದವಾಗಿಬಿಡುತ್ತದೆ.

ಇನ್ನೊಂದು ಕಡೆಯನ್ನೂ ಹೇಳಬೇಕು. ನಾನೇ ದುಡ್ಡು ಕೊಡಲು ಹೋದಾಗ ಆಂಟಿ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. "ಮನೆ ಮಗಳ ಊಟಕ್ಕೆ ಲೆಕ್ಕ ಬರೀತಾರಾ?" ಅಂದರು. ಸರಿ, ಅದು ಅವರ ದೊಡ್ಡತನ. ಅವರು ಬೇಡ ಅನ್ನೋದು ಬೇರೆ, ನಾವು ಕೊಡದೇ ಇರೋದು ಬೇರೆ. ಬೈಬಲ್‌ನ ಶೂನೇಮ್ ಊರಿನ ಹೆಂಗಸಿನ ಕಥೆ ನಮಗೆಲ್ಲ ಗೊತ್ತು. ಪ್ರವಾದಿ ಎಲೀಷನಿಗೆ ಅಂತ ಮಾಳಿಗೆ ಮೇಲೆ ಕೋಣೆ ಕಟ್ಟಿಸಿ, ಮಂಚ, ಮೇಜು, ಕುರ್ಚಿ, ದೀಪ ಇಟ್ಟವಳು. ನಿನಗೆ ಏನು ಬೇಕು, ಅರಸನ ಹತ್ತಿರ ಮಾತಾಡಲಾ ಅಂತ ಎಲೀಷ ಕೇಳಿಸಿದ. ನನ್ನ ಜನರ ನಡುವೆ ಚೆನ್ನಾಗಿದ್ದೀನಿ, ಏನೂ ಬೇಡ ಅನ್ನೋ ಅರ್ಥದಲ್ಲಿ ಹೇಳಿದಳು. ಅವಳು ಬೇಡ ಅಂದಳು, ನಿಜ. ಆದರೆ ಅವನು ಕೇಳಿದ ಅಲ್ವಾ? ನಮ್ಮವರು ಕೇಳುವುದೂ ಇಲ್ಲ. ಅಷ್ಟು ಮಾಡಿದವಳ ಹೆಸರೇ ಬೈಬಲ್‌ನಲ್ಲಿಲ್ಲ ಅನ್ನೋದು ಬೇರೆ ಮಾತು. ಈ ಚಾಳಿ ಹಳೇದು.

ಬೀಳ್ಕೊಡುಗೆಯ ಭಾನುವಾರ ಹುಳು ನಾಲ್ಕನೇ ಜ್ವರ ಎದ್ದು ಎರಡು ದಿನ ಆಗಿತ್ತು. ಅಂದರೆ ಆಂಟಿಗೆ ಪುರುಸೊತ್ತಿಲ್ಲದ ವಾರ. ಕೀರ್ತನೆ ಮುಗಿದು ಪ್ರಸಂಗದ ಹೊತ್ತಿಗೆ ಬಂದು ಕೊನೇ ಸಾಲಿನಲ್ಲಿ ಕೂತರು. ಒಳ್ಳೇ ಸೀರೆ ಉಟ್ಟಿದ್ದರು. ಕೈಬೆರಳ ಸಂದಿಯಲ್ಲಿ ಸೊಪ್ಪಿನ ಹಾಲಿನ ಕಪ್ಪು ಕಲೆ ಹಾಗೇ ಇತ್ತು, ಅದು ಸೋಪಿಗೆ ಹೋಗೋದಿಲ್ಲ. ವಂದನಾರ್ಪಣೆ ಶುರುವಾಯಿತು. ಬಿಷಪ್‌ರಿಗೆ, ಏರಿಯಾ ಚೇರ್ಮನ್‌ಗೆ, ಕಾರ್ಯದರ್ಶಿಗೆ, ಖಜಾಂಚಿಗೆ, ಮೈಕ್‌ಸೆಟ್‌ನವರಿಗೆ, ಕೇಕ್ ತಂದವರಿಗೆ. ಕೊನೆಗೆ "ಹಾಗೂ ಸಿಸ್ಟರ್‌ಗೆ ಊಟ ವಸತಿ ಕೊಟ್ಟ ಕುಟುಂಬದವರಿಗೆ". ಹೆಸರಿಲ್ಲ. ಮೈಕ್‌ಸೆಟ್‌ನವರ ಹೆಸರಿತ್ತು.

ನನ್ನ ಸರದಿ ಬಂದಾಗ ನಾನು ಅವರ ಹೆಸರು, ಅಂಕಲ್ ಹೆಸರು, ಅವ್ವನ ಹೆಸರು ಹೇಳಿ, ಅವರು ಏನೇನು ಮಾಡಿದರು ಅಂತ ಉದ್ದಕ್ಕೆ ಹೇಳಿದೆ. ಮುಂದಿನ ಸಾಲಿನವರು ಗಡಿಯಾರ ನೋಡಿಕೊಂಡರು. ನನಗೇನೂ ಬೇಜಾರಿಲ್ಲ. ಫೋಟೋಗೆ ಕರೆಯೋಣ ಅಂತ ತಿರುಗಿದರೆ ಆಂಟಿ ಇಲ್ಲ, ಮಧ್ಯಾಹ್ನದ ಸೊಪ್ಪಿಗೆ ಹೊರಟುಹೋಗಿದ್ದರು. ಶಾಲು ಪೇಟ ತೆಗೆದಿಟ್ಟು ನಾನೂ ಮನೆಗೆ ಓಡಿದೆ. ಕಾಲು ಅದ್ದಿಕೊಂಡು ಒಳಗೆ ಹೋದೆ. ಅವರು ಒಂದು ಕಡೆಯಿಂದ ಕಡ್ಡಿ ಹರಡುತ್ತಾ ಬಂದರು, ನಾನು ಇನ್ನೊಂದು ಕಡೆಯಿಂದ. ತುಂಬ ಹೊತ್ತಾದ ಮೇಲೆ ತಲೆ ಎತ್ತದೆ ಹೇಳಿದರು: "ಭಾಷಣ ಉದ್ದ ಆಯ್ತು ಕಣಮ್ಮಾ. ಹುಳಕ್ಕೆ ಹೊತ್ತಾಯ್ತು."

ಬೀಳ್ಕೊಡುಗೆ ಅಂದರೆ ಹಾರ ಶಾಲು ಅಂತ ನಮಗೆ ಯಾರು ಕಲಿಸಿದರೋ. ಬಿಟ್ಟು ಬರುವುದು ಅಂದರೆ ಅದೊಂದು ಕೆಲಸ, ಕೂತು ಮಾಡಬೇಕಾದ್ದು. ಸಂಡೇ ಸ್ಕೂಲ್ ಹಾಜರಿ ಪುಸ್ತಕ ಮುಂದಿನವರ ಕೈಗೆ ಕೊಡಬೇಕು. ಟ್ಯೂಷನ್‌ಗೆ ಬರುತ್ತಿದ್ದ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಯಾರಾದರೂ ಮೇಷ್ಟ್ರನ್ನು ಹುಡುಕಬೇಕು. ಹಾಸಿಗೆ ಹಿಡಿದವರ ಮನೆಗಳಿಗೆ ಪಾಸ್ಟರ್‌ರನ್ನು ಜೊತೆಯಲ್ಲಿ ಕರೆದುಕೊಂಡು ಹೋಗಿ, ಇನ್ನು ಮೇಲೆ ಇವರು ಬರುತ್ತಾರೆ ಅಂತ ಹೇಳಬೇಕು. ನಮ್ಮನ್ನು ನಂಬಿ ಹೇಳಿಕೊಂಡ ಗುಟ್ಟನ್ನು ಮಾತ್ರ ಯಾರಿಗೂ ದಾಟಿಸಬಾರದು. ಸಭೆಯ ವಾಟ್ಸಾಪ್ ಗ್ರೂಪ್‌ನಿಂದ ಹೊರಗೆ ಬರಬೇಕು. ಇದಕ್ಕೆ ನನ್ನ ಸ್ನೇಹಿತರು ಒಪ್ಪುವುದಿಲ್ಲ, ಆದರೂ ಹೇಳುತ್ತೇನೆ. ನಾವು ಅಲ್ಲೇ ಇದ್ದರೆ ಜನ ಹೊಸಬರನ್ನು ನಮ್ಮ ಜೊತೆ ತೂಗುತ್ತಲೇ ಇರುತ್ತಾರೆ. ಪಾಸ್ಟರ್ ಮೇಲಿನ ದೂರು ನಮ್ಮ ಫೋನಿಗೆ ಬರುತ್ತದೆ, ನಮಗೂ ಒಳಗೊಳಗೇ ಖುಷಿಯಾಗುತ್ತದೆ. ಆ ಖುಷಿ ಒಳ್ಳೇದಲ್ಲ. ಮತ್ತೆ, ಹೋದಲ್ಲೆಲ್ಲ "ಕ್ರಿಸ್‌ಮಸ್‌ಗೆ ಬಂದೇ ಬರ್ತೀನಿ" ಅನ್ನೋದನ್ನು ನಿಲ್ಲಿಸಬೇಕು. ಮಕ್ಕಳು ನಂಬುತ್ತವೆ.

ಉಳಿದ ಮನೆಯ ಲೆಕ್ಕ ಬೇರೆ. ಅಲ್ಲಿಗೆ ಫೋನ್ ಮಾಡಬೇಕು. ಗೂಡಿನ ರೇಟು ಎಷ್ಟು, ಅವ್ವನ ಮೊಣಕಾಲು ಹೇಗಿದೆ, ಬೋರಿನಲ್ಲಿ ನೀರಿದೆಯಾ ಅಂತ ಕೇಳಬೇಕು. ಪ್ರಾರ್ಥನೆ ಆಮೇಲೆ.

ನನ್ನ ಫಾರಂ ಮೊನ್ನೆ ಕೊಟ್ಟೆ. ಕೊನೇ ಪುಟದ ಹಿಂದಿನ ಖಾಲಿ ಜಾಗದಲ್ಲಿ ಆ ಮೂರು ಜನರ ಹೆಸರು ಬರೆದು, ನನ್ನ ಬಗ್ಗೆ ಇವರನ್ನು ಕೇಳಿ ಅಂತ ಫೋನ್ ನಂಬರ್ ಹಾಕಿದ್ದೇನೆ. ಮೇಡಂ ಓದಿ, "ಇದನ್ನೆಲ್ಲ ಎಲ್ಲಿ ಫೈಲ್ ಮಾಡೋದಮ್ಮಾ?" ಅಂದರು. ಅದು ಅವರ ತಲೆನೋವು.

ನಮ್ಮ ಬ್ಯಾಚಿನವರೇ, ಸೀನಿಯರ್‌ಗಳೇ, ನಿಮ್ಮಲ್ಲಿ ಯಾರ ಆತಿಥೇಯ ಮನೆಗಾದರೂ ಕಾಲೇಜಿನಿಂದಲೋ ಸಭೆಯಿಂದಲೋ ಅಕ್ಕಿ, ಗ್ಯಾಸು, ದುಡ್ಡು ಏನಾದರೂ ಹೋಗಿದೆಯಾ? ಯಾರಾದರೂ ಅವರ ಅಭಿಪ್ರಾಯ ಕೇಳಿದ್ದಾರಾ? ಕಾಮೆಂಟ್‌ನಲ್ಲಿ ಬೇಡ ಅಂದರೆ ಇನ್‌ಬಾಕ್ಸ್‌ಗೆ ಬರೆಯಿರಿ. ಮುಂದಿನ ಬ್ಯಾಚ್ ಊರುಗಳಿಗೆ ಹೊರಡುವ ಮೊದಲು ಒಂದು ಮನವಿ ಕೊಡೋಣ ಅಂತಿದ್ದೇನೆ. ಸಹಿ ಹಾಕುವವರು ಈಗಲೇ ಹೇಳಿ.