ಎಡಗಾಲಿನ ನಿಬ್ಬು

ಬಲಗೈಯಲ್ಲಿ ಬರೆಯುವ ನನಗೆ ಬೇಕಾದದ್ದು ಎಡಗಾಲಿನ ನಿಬ್ಬು ಎಂದು ಗೊತ್ತಾಗುವ ಹೊತ್ತಿಗೆ ವಯಸ್ಸು ಐವತ್ತು ದಾಟಿತ್ತು. ಅಲ್ಲಿಯವರೆಗೆ ತಪ್ಪೆಲ್ಲ ಕೈಯದೇ ಎಂದು ನಂಬಿದ್ದೆ. ನಂಬಿಸಿದವರು ಶಾಲೆಯ ಮಾಸ್ತರು. ಶುದ್ಧಬರಹ ಬರೆಯುವಾಗ ಪೆನ್ನು ನನ್ನ ಬೆರಳುಗಳ ನಡುವೆ ತಾನಾಗಿ ಎಡಕ್ಕೆ ಹೊರಳುತ್ತಿತ್ತು. ಅವರು ಬಂದು ನೆಟ್ಟಗೆ ಹಿಡಿಸುತ್ತಿದ್ದರು; ಮುಂದಿನ ಬೆಂಚಿಗೆ ಹೋಗುವಷ್ಟರಲ್ಲಿ ಅದು ಮತ್ತೆ ಹೊರಳಿರುತ್ತಿತ್ತು. ನಿಬ್ಬು ಕರಕರ ಗೀಚುತ್ತಿತ್ತು, ನಡುನಡುವೆ ಶಾಯಿಯೇ ಇಳಿಯುತ್ತಿರಲಿಲ್ಲ. ಪೆನ್ನು ಸರಿಯಿಲ್ಲ ಸರ್ ಎಂದರೆ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ಸಿದ್ಧವಾಗಿತ್ತು.

ನೆಲ ಡೊಂಕಾಗಿರದಿದ್ದದ್ದೇ ತೊಂದರೆ ಎಂದು ಆಗ ಯಾರಿಗೆ ಗೊತ್ತಿತ್ತು!

ಮೊದಲು ಸುಳಿವು ಕೊಟ್ಟವರು ಕಲಬುರಗಿಯಲ್ಲಿ ಕೋರ್ಟಿನ ಹತ್ತಿರ ಅರ್ಜಿ ಬರೆಯುತ್ತಿದ್ದ ಒಬ್ಬ ಚಾಚಾ. ನನ್ನ ಪೆನ್ನನ್ನು ಒಮ್ಮೆ ಕಾಗದದ ಮೇಲೆ ಎಳೆದು, "ಇದಕ್ಕೆ ಕತ್ ಇಲ್ಲ ಬೇಟಾ" ಎಂದು ವಾಪಸು ಕೊಟ್ಟರು. ಉರ್ದು ಬರೆಯುವ ಜೊಂಡಿನ ಕಲಮಿನ ತುದಿಯನ್ನು ಓರೆಯಾಗಿ ಕತ್ತರಿಸುವುದೇ ಕತ್. ಆ ವಿದ್ಯೆಯಲ್ಲಿ ಅಕ್ಷರಕ್ಕಿಂತ ಮೊದಲು ಚಾಕು ಬರುತ್ತದೆ. ಬೀದರಿನಲ್ಲಿ 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾದ ಬಣ್ಣದ ಹೆಂಚುಗಳ ಮೇಲೆ ಉಳಿದಿರುವ ಅಕ್ಷರಗಳನ್ನು ನೋಡಿ. ಹೆಂಚಿನಲ್ಲೂ ಓರೆ ಕಲಮಿನ ದಪ್ಪ-ತೆಳು ಹಾಗೇ ಇದೆ.

ಲೋಹದ ನಿಬ್ಬಿನ ತುದಿಯಲ್ಲಿ ಒಂದು ಸೀಳು, ಆಚೀಚೆ ಎರಡು ಹೋಳು. ಪೆನ್ನು ಎಡಕ್ಕೆ ಹೊರಳಿದರೆ ಎಡಹೋಳು ಕಾಗದಕ್ಕೆ ಒತ್ತುತ್ತದೆ, ಬಲಹೋಳು ಗಾಳಿಯಲ್ಲಿ ನಿಲ್ಲುತ್ತದೆ. ಶಾಯಿ ಇಳಿಯುವುದು ಸೀಳಿನಿಂದ. ಸೀಳೇ ಕಾಗದ ಮುಟ್ಟದಿದ್ದರೆ ಅಕ್ಷರ ಎಲ್ಲಿಂದ ಬರಬೇಕು? ಸಣ್ಣ ದುಂಡು ಮೊನೆ ಈ ಹೊರಳನ್ನು ಹೇಗೋ ಸಹಿಸಿಕೊಳ್ಳುತ್ತದೆ. ಅಗಲ ಮೊನೆಗೆ ಆ ತಾಳ್ಮೆ ಇಲ್ಲ. ಅದಕ್ಕೇ ಎಡಬದಿಯನ್ನು ಸುಮಾರು 15 ಡಿಗ್ರಿ ಓರೆಯಾಗಿ ತೇಯ್ದು ಗಿಡ್ಡ ಮಾಡುತ್ತಾರೆ. ಮೇಲಿನಿಂದ ನೋಡಿದರೆ ಥೇಟ್ ಎಡಪಾದ: ಬಲಕ್ಕೆ ಹೆಬ್ಬೆರಳು ಮುಂದೆ, ಎಡಕ್ಕೆ ಸರಿದಂತೆ ಇಳಿಜಾರು. ಹೆಸರು ಕೇಳಿ ಇದು ಎಡಚರದ್ದು ಎಂದುಕೊಂಡು ಎಷ್ಟೋ ವರ್ಷ ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಬಲಕ್ಕೆ ಹೊರಳಿಸುವವರಿಗೆ ಬಲಗಾಲಿನದು ಬೇರೆಯೇ ಇದೆ.

ಆರಿಸುವ ಮೊದಲು ಕೈಯನ್ನು ಪರೀಕ್ಷಿಸಬೇಕು. ಬರೆಯುತ್ತ ಬರೆಯುತ್ತ ಥಟ್ಟನೆ ನಿಲ್ಲಿಸಿ, ನಿಬ್ಬಿನ ಬೆನ್ನು ಯಾವ ಕಡೆ ತಿರುಗಿದೆ ಎಂದು ನೋಡಬೇಕು. ಆದರೆ ಪರೀಕ್ಷೆ ಎಂದು ಗೊತ್ತಾದ ಕೂಡಲೇ ಕೈ ಫೋಟೊಗೆ ಕೂತವರಂತೆ ನೆಟ್ಟಗಾಗಿಬಿಡುತ್ತದೆ. ಕೊನೆಗೆ ಹೆಂಡತಿಗೆ ಹೇಳಿಟ್ಟೆ. ಒಂದು ಸಂಜೆ ಕಿರಾಣಿ ಚೀಟಿ ಬರೆಯುತ್ತ ತೊಗರಿಬೇಳೆಯ 'ಬೇ'ಗೆ ಬಂದಿದ್ದಾಗ, "ನಿಲ್ಲಿ!" ಎಂದು ಕೂಗಿದಳು. ನಿಬ್ಬು ಎಡಕ್ಕೆ ಮಗ್ಗುಲಾಗಿ ಮಲಗಿತ್ತು.

ಜರ್ಮನಿಯ ಒಂದು ಹಳೆಯ ಪೆಲಿಕನ್ ಪೆನ್ನು ತರಿಸಿದೆ, ಓ.ಬಿ. ನಿಬ್ಬಿನದು, ಅಂದರೆ ಓರೆ ಮತ್ತು ಅಗಲ. "ಮನೆಯೊಳಗೆ ಬಲಗಾಲಿಟ್ಟು ಬರಬೇಕು ಎನ್ನುತ್ತಾರೆ, ನೀವು ಕಾಗದದ ಮೇಲೆ ಎಡಗಾಲಿಡುತ್ತಿದ್ದೀರಿ" ಎಂದಳು. ಇಟ್ಟೆ. ಗೀಚಲಿಲ್ಲ. ಕನ್ನಡದಲ್ಲಿ ನೇರ ಗೆರೆಗಳೇ ಕಡಿಮೆಯಲ್ಲವೇ, 'ರ'ದ ಒಂದೇ ಸುತ್ತಿನಲ್ಲಿ ಗೆರೆ ತುಂಬುತ್ತ, ಸೊರಗುತ್ತ, ಮತ್ತೆ ತುಂಬುತ್ತ ಹೋಯಿತು. ಆ ವಾರ ನಮ್ಮ ಮನೆಗೆ ಬೇಡದ ಸಾಮಾನೂ ಚೀಟಿ ಸೇರಿತು.

ಮೊನ್ನೆ ಮಗಳು ಆ ಪೆನ್ನು ತೆಗೆದುಕೊಂಡು ಒಂದು ಸಾಲು ಬರೆದು, "ಇದು ಗೀಚುತ್ತದೆ ಅಪ್ಪಾ" ಎಂದಳು. ಅವಳ ಕೈಯಲ್ಲಿ ಪೆನ್ನು ಚೆನ್ನಾಗಿ ನೆಟ್ಟಗಿತ್ತು. ನಾನು ಅವಳ ಹಿಂದೆ ನಿಂತು, ಬಗ್ಗಿ, "ಹಾಗಲ್ಲ, ಸ್ವಲ್ಪ ಎಡಕ್ಕೆ ಹೊರಳಿಸಿ ಹಿಡಿ" ಎಂದು ಬೆರಳು ತಿರುಗಿಸಿದೆ. ನಾನು ಕುರ್ಚಿಗೆ ಮರಳುವಷ್ಟರಲ್ಲಿ ಅದು ಮತ್ತೆ ನೆಟ್ಟಗಾಗಿತ್ತು.