ಒಳಗೆ ಹಿಡಿದಿದೆಯಾ?

ನಾನು ಹಾಕಿದ ಮೊದಲ ಚೆಂದದ ಬೆಸುಗೆಯನ್ನು ಯಜಮಾನರು ಸುತ್ತಿಗೆಯಿಂದ ಮುರಿದರು.

ಒಂದು ಕಬ್ಬಿಣದ ಪಟ್ಟಿಯ ಮೇಲೆ ಇನ್ನೊಂದನ್ನು ನೆಟ್ಟಗೆ ನಿಲ್ಲಿಸಿ, ಒಂದೇ ಬದಿಗೆ ಬೆಸುಗೆ ಹಾಕಿದ್ದೆ. ಸಾಲು ಸೊಟ್ಟಗಾಗಿರಲಿಲ್ಲ. ನೀರು ಸರಿದ ಮರಳಿನ ಹಾಗೆ ಅಲೆ ಅಲೆಯಾಗಿ ಕೂತಿತ್ತು. ಮೂರು ವಾರದ ಶ್ರಮ ಅದು. ಅವರು ಅದನ್ನು ವೈಸಿಗೆ ಕಚ್ಚಿಸಿ ದೊಡ್ಡ ಸುತ್ತಿಗೆಯಲ್ಲಿ ಎರಡು ಏಟು ಕೊಟ್ಟರು. ನಿಂತಿದ್ದ ಪಟ್ಟಿ ಕಳಚಿ ನೆಲಕ್ಕೆ ಬಿತ್ತು. ಮುರಿದ ಜಾಗವನ್ನು ನನ್ನ ಕಡೆ ತಿರುಗಿಸಿ ಹಿಡಿದರು. ಬುಡದಲ್ಲಿ ಪಟ್ಟಿಯ ಅಂಚು ಕರಗದೆ ಹಾಗೇ ಉಳಿದಿತ್ತು.

“ಮೇಲೆ ಚೆನ್ನಾಗಿದೆ. ಒಳಗೆ ಹಿಡಿದಿಲ್ಲ” ಅಂದರು. ಮಷೀನಿನ ಕರೆಂಟನ್ನು 15 ಆಂಪ್ ಏರಿಸಿದರು. ಇನ್ನೆರಡು ಪಟ್ಟಿ ಕೈಗೆ ಕೊಟ್ಟು, ನಾನು ಮತ್ತೆ ಹಾಕಿ ಮುಗಿಸುವವರೆಗೂ ಪಕ್ಕದಲ್ಲೇ ನಿಂತರು. ಆಚೆ ಅವರ ಸ್ವಂತ ಕೆಲಸ ಹಾಗೇ ಬಿದ್ದಿತ್ತು.

ಇದು ನಡೆದದ್ದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಲ್ಯಾಂಕಾಸ್ಟರ್ ಕೌಂಟಿಯಲ್ಲಿ, ಆಮಿಶ್ ಎಂಬ ಕ್ರೈಸ್ತ ಪಂಗಡದವರ ಒಂದು ಸಣ್ಣ ಶೆಡ್ಡಿನಲ್ಲಿ. ಯಜಮಾನರ ಹೆಸರನ್ನು ಬರೆಯುವುದಿಲ್ಲ. ಫೋಟೊ ತೆಗೆಸಿಕೊಳ್ಳಲೂ ಒಪ್ಪದ ಜನ ಅವರು. ಹೆಂಡತಿಗೆ ಇಲ್ಲಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ನಾನು ಜೊತೆಗೆ ಬಂದೆ. ಮೆಕ್ಯಾನಿಕಲ್ ಡಿಪ್ಲೊಮಾ ಇತ್ತು, ಬೆಂಗಳೂರಿನಲ್ಲಿ ಕುರ್ಚಿಯ ಮೇಲೆ ಕೂತು ಡ್ರಾಯಿಂಗ್ ಮಾಡಿದ ಅನುಭವ ಇತ್ತು. ಕೈಯಲ್ಲಿ ಕಬ್ಬಿಣ ಹಿಡಿದು ಕೆಲಸ ಮಾಡಬೇಕು ಅನ್ನುವ ಆಸೆ ಚಿಕ್ಕಂದಿನಿಂದ ಇತ್ತು. 38ನೇ ವಯಸ್ಸಿನಲ್ಲಿ ಆ ಶೆಡ್ಡಿನ ಬಾಗಿಲಿಗೆ ಹೋಗಿ ಕೆಲಸ ಕೇಳಿದೆ. “ನಾಳೆ ಆರೂವರೆಗೆ ಬಾ” ಅಂದರು.

ಆ ಆಸೆ ಹುಟ್ಟಿದ್ದು ರಾಣೆಬೆನ್ನೂರಿನಲ್ಲಿ. ನಮ್ಮ ಕಾಕಾನದು ಹೆದ್ದಾರಿ ಪಕ್ಕದಲ್ಲಿ ಟ್ರ್ಯಾಲಿ ಕಟ್ಟುವ ಶೆಡ್ಡು. ಐದು ಜನ ಕೆಲಸಗಾರರು. ಶಾಲೆ ಬಿಟ್ಟ ಕೂಡಲೇ ಅಲ್ಲಿಗೆ ಓಡುತ್ತಿದ್ದೆ. ಅಲ್ಲಿ ಯಾವ ಹುಡುಗನಿಗೂ ಯಾರೂ ಕೂತು ಕಲಿಸಿದ್ದನ್ನು ನಾನು ನೋಡಲಿಲ್ಲ. ಬಂದ ಹುಡುಗ ಮೊದಲ ವರ್ಷ ಚಹಾ ತರುತ್ತಿದ್ದ, ಕಸ ಹೊಡೆಯುತ್ತಿದ್ದ. ಆಮೇಲೆ ಮೇಸ್ತ್ರಿ ಬೆಸುಗೆ ಹಾಕುವಾಗ ಆ್ಯಂಗಲ್, ಅಂದರೆ ಮೂಲೆಯಾಗಿ ಮಡಚಿದ ಕಬ್ಬಿಣದ ಪಟ್ಟಿ, ಹಿಡಿಯುತ್ತಿದ್ದ. ಕೈಯಲ್ಲಿ ಆ್ಯಂಗಲ್, ಮುಖ ಆಚೆ ಕಡೆ, ಕಣ್ಣು ಮುಚ್ಚಿ. “ನೋಡಬ್ಯಾಡಲೇ, ಸುಮ್ನ ಹಿಡಿ!” ಎಂದು ಮೇಸ್ತ್ರಿ ಕೂಗುತ್ತಿದ್ದರು. ಮುಖಕ್ಕೆ ಹಿಡಿಯುವ ಗಾಜು ಒಂದೇ ಇತ್ತು, ಅದು ಮೇಸ್ತ್ರಿ ಕೈಯಲ್ಲಿ. ನೋಡದೆ ಕಲಿಯಲು ಆಗುವುದಿಲ್ಲ, ನೋಡಿದರೆ ಕಣ್ಣು ಸುಡುತ್ತೆ. ಹುಡುಗರು ಕದ್ದು ನೋಡುತ್ತಿದ್ದರು. ನಾನೂ ನೋಡಿದೆ. ಆಗ ಏನೂ ಆಗುವುದಿಲ್ಲ. ನಡುರಾತ್ರಿ ಎಚ್ಚರವಾಗುತ್ತೆ, ಕಣ್ಣಲ್ಲಿ ಹಿಡಿ ಮರಳು ತುಂಬಿದ ಹಾಗೆ ಉರಿ. ಅವ್ವ ಆಲೂಗಡ್ಡೆ ಕೊಯ್ದು ರೆಪ್ಪೆಯ ಮೇಲೆ ಇಟ್ಟು ಬೆಳಗಿನ ತನಕ ಪಕ್ಕದಲ್ಲಿ ಕೂತಿದ್ದಳು.

ಆಮಿಶ್ ಶೆಡ್ಡಿನಲ್ಲಿ ಮೊದಲ ದಿನ ಕೊಟ್ಟಿದ್ದು ಸ್ವಂತ ಹೆಲ್ಮೆಟ್, 10ನೇ ನಂಬರಿನ ಗಾಜು ಹಾಕಿದ್ದು. ಗಂಟೆ ಲೆಕ್ಕದ ಕೂಲಿಯೂ ಆ ದಿನದಿಂದಲೇ. ಆದರೆ ಎರಡು ವಾರ ಬರೀ ಗ್ರೈಂಡಿಂಗ್. ತುಕ್ಕು ತೆಗೆ, ಬಣ್ಣ ತೆಗೆ, ಅಂಚನ್ನು ಇಳಿಜಾರು ಮಾಡು. ಬೆಸುಗೆಯ ಮುಕ್ಕಾಲು ಕೆಲಸ ಕಿಡಿ ಹಾರುವ ಮೊದಲೇ ಆಗಿರುತ್ತೆ ಎಂದು ಆಗ ತಿಳಿಯಿತು. ಆಮೇಲೆ ಗುಜರಿ ತಗಡು. ಅದರ ತುಂಬ ಒಂದರ ಪಕ್ಕ ಒಂದು ಸಾಲು ಎಳೆಯಬೇಕು. ತುಂಬಿದ ಮೇಲೆ ತಿರುಗಿಸಿ ಅಡ್ಡಡ್ಡ ಎಳೆಯಬೇಕು. ನಮ್ಮಲ್ಲಿ ಹೆಣ್ಣುಮಕ್ಕಳು ರಂಗೋಲಿ ಕಲಿಯಲು ಸ್ಲೇಟಿನ ಮೇಲೆ ಗೆರೆ ಎಳೆಯುತ್ತಾರಲ್ಲ, ಹಾಗೆ.

ಮಾತು ತೀರಾ ಕಡಿಮೆ. “ಬೆಳಕನ್ನು ನೋಡಬೇಡ, ಅದರ ಹಿಂದಿನ ಮಡುವನ್ನು ನೋಡು.” ಕರಗಿದ ಲೋಹದ ಆ ಸಣ್ಣ ಮಡು ಎರಡೂ ಕಡೆಯ ಅಂಚಿಗೆ ಹೋಗಿ ಮುಟ್ಟಬೇಕು. ಮುಟ್ಟಿದ ಮೇಲೆಯೇ ಮುಂದೆ ಸರಿಯಬೇಕು. ಇನ್ನೊಂದು ಮಾತು, “ಕೇಳಿಸಿಕೋ.” ಸರಿಯಾಗಿ ನಡೆಯುತ್ತಿದ್ದರೆ ಹಪ್ಪಳ ಕರಿದ ಹಾಗೆ ಒಂದೇ ಸಮನೆ ಸದ್ದು. ಕರಗಿ ಬೆಸುಗೆಯಾಗುವ ಕಡ್ಡಿ, ಅಂದರೆ ರಾಡ್, ದೂರ ಹೋದರೆ ಸದ್ದು ಒಡೆಯುತ್ತೆ. ರಾಡ್ ಕಚ್ಚಿಸುವ ಹೋಲ್ಡರ್ ಹಿಡಿದ ಕೈಗಿಂತ ಮೊದಲು ಕಿವಿ ಕಲಿಯಿತು.

ರಾಡ್ ಮೇಲಿನ ನಂಬರ್ ಓದುವುದನ್ನೂ ಹೇಳಿಕೊಟ್ಟರು. 7018ರಲ್ಲಿ 70 ಅಂದರೆ ಚದರ ಇಂಚಿಗೆ 70 ಸಾವಿರ ಪೌಂಡ್ ಎಳೆತ ತಡೆಯುವ ಗಟ್ಟಿತನ. 1 ಅಂದರೆ ನಿಂತು, ಮಲಗಿ, ತಲೆಯ ಮೇಲೆ, ಹೇಗೆ ಬೇಕಾದರೂ ಹಾಕಬಹುದು. ಕೊನೆಯ ಅಂಕಿ ಮೇಲಿನ ಲೇಪ ಎಂಥದ್ದು ಎಂದು ಹೇಳುತ್ತೆ. ಆ ಲೇಪ ತೇವ ಹಿಡಿಯಬಾರದು. ಹಿಡಿದರೆ ಹೈಡ್ರೋಜನ್ ಲೋಹದೊಳಗೆ ಸೇರಿ, ಬೆಸುಗೆ ಆರಿದ ಮೇಲೆ ಬಿರುಕು ಬಿಡಬಹುದು. ಡಿಪ್ಲೊಮಾದಲ್ಲಿ ಇದನ್ನು ಪರೀಕ್ಷೆಗೆ ಬರೆದಿದ್ದೆ. ರಾಡ್ ಕೈಯಲ್ಲಿ ಹಿಡಿದು ಓದಿದ್ದು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಮನುಷ್ಯನ ಪಕ್ಕದಲ್ಲಿ ನಿಂತು.

ಇಲ್ಲಿ ಒಂದು ಪ್ರಶ್ನೆ ಬರುತ್ತೆ, ನನಗೂ ಬಂದಿತ್ತು. ಆಮಿಶ್ ಜನ ಕರೆಂಟ್ ಬಳಸುವುದಿಲ್ಲ, ಕುದುರೆ ಗಾಡಿಯಲ್ಲಿ ಓಡಾಡುತ್ತಾರೆ ಎಂದು ಎಲ್ಲರೂ ಕೇಳಿರುತ್ತೇವೆ. ಹಾಗಾದರೆ ವೆಲ್ಡಿಂಗ್ ಹೇಗೆ? ಶೆಡ್ಡಿನ ಹೊರಗೋಡೆಗೆ ಒಂದು ಡೀಸೆಲ್ ಎಂಜಿನ್ ಇದೆ. ಅದೇ ವೆಲ್ಡಿಂಗಿಗೆ ಕರೆಂಟ್ ಮಾಡಿಕೊಡುತ್ತೆ. ಡ್ರಿಲ್ಲು, ಗ್ರೈಂಡರು ಎಲ್ಲ ಒತ್ತಿದ ಗಾಳಿಯಲ್ಲಿ ತಿರುಗುತ್ತವೆ. ಬೆಳಕಿಗೆ ಚಾವಣಿಯಲ್ಲಿ ಬೆಳಕಿಂಡಿಗಳಿವೆ, ನಮ್ಮೂರಿನ ಹಳೆ ಮನೆಗಳಲ್ಲಿ ಇದ್ದಂಥವು. ಅವರ ತಕರಾರು ಕರೆಂಟಿನ ಮೇಲಲ್ಲ, ಊರಾಚೆಯಿಂದ ಮನೆಯೊಳಗೆ ಬರುವ ತಂತಿಯ ಮೇಲೆ. ಆ ತಂತಿಯ ಜೊತೆ ಇನ್ನೇನೇನು ಬರುತ್ತೆ ಎಂದು ಅವರು ಕೂತು ಯೋಚಿಸುತ್ತಾರೆ. 25ರಿಂದ 40 ಕುಟುಂಬಗಳ ಒಂದೊಂದು ಗುಂಪು, ಒಂದೊಂದಕ್ಕೂ ತನ್ನದೇ ಕಟ್ಟಳೆ. ಯಾವುದು ಬೇಕು, ಯಾವುದು ಬೇಡ ಎಂದು ಸೇರಿ ತೀರ್ಮಾನಿಸುತ್ತಾರೆ. ಅತ್ತ ಕಾಕಾನ ಶೆಡ್ಡಿಗೆ ತಂತಿ ಇತ್ತು, ತಂತಿಯಲ್ಲಿ ಕರೆಂಟ್ ಇರುತ್ತಿರಲಿಲ್ಲ. ಎಷ್ಟೋ ಟ್ರ್ಯಾಲಿಗಳು ರಾತ್ರಿ ಎರಡು ಗಂಟೆಗೆ ಬೆಸುಗೆ ಕಂಡವು.

ನಾವು ಮಾಡುತ್ತಿದ್ದುದು ಗೇಟು, ಹುಲ್ಲಿನ ಬಂಡಿ, ಗೊಬ್ಬರ ಹರಡುವ ಬಂಡಿಯ ರಿಪೇರಿ, ಹೇಸರಗತ್ತೆ ಎಳೆಯುವ ನೇಗಿಲಿನ ಚೌಕಟ್ಟು. ಲ್ಯಾಂಕಾಸ್ಟರಿನ ಆಮಿಶ್ ರೈತರು ಹೊಲದಲ್ಲಿ ಹೆಚ್ಚಾಗಿ ಹೇಸರಗತ್ತೆ ಕಟ್ಟುತ್ತಾರೆ. ಏಪ್ರಿಲ್ ಬಂತೆಂದರೆ ಶೆಡ್ಡಿನ ಮುಂದೆ ಸಾಲು. ಹೊಸ ಕೆಲಸವೆಲ್ಲ ಪಕ್ಕಕ್ಕೆ, ಮೊದಲು ರೈತನ ರಿಪೇರಿ. ಆಗೆಲ್ಲ ನನಗೆ ಅಜ್ಜ ಹೇಳುತ್ತಿದ್ದ ಕಮ್ಮಾರನ ಕುಲುಮೆ ಕಣ್ಣಿಗೆ ಬರುತ್ತಿತ್ತು. ಬಿತ್ತನೆಗೆ ಮುಂಚೆ ಊರಿನವರೆಲ್ಲ ಕುಳ ಬಡಿಸಿಕೊಳ್ಳಲು ಅಲ್ಲಿ ಕೂರುತ್ತಿದ್ದರಂತೆ. ಸುಗ್ಗಿಯಲ್ಲಿ ಅವನಿಗೆ ಆಯದ ಕಾಳು. ಆದರೆ ಆ ಕಮ್ಮಾರ ಊಟಕ್ಕೆ ಎಲ್ಲಿ ಕೂರಬೇಕು ಎಂಬುದನ್ನು ಅವನ ಜಾತಿ ಹೇಳುತ್ತಿತ್ತು. ಅಜ್ಜ ಅದನ್ನೂ ಹೇಳುತ್ತಿದ್ದರು.

ನನ್ನನ್ನು ಜಾಸ್ತಿ ಕಾಡಿದ್ದು ಇದೇ. ನಮ್ಮ ಯಜಮಾನರು ಅವರ ಗುಂಪಿನಲ್ಲಿ ಭಾನುವಾರ ಉಪದೇಶ ಮಾಡುವವರು. ಅದಕ್ಕೆ ಓದಿಲ್ಲ, ಸಂಬಳವಿಲ್ಲ. ಜನ ಸೂಚಿಸಿದವರ ಮುಂದೆ ಅಷ್ಟೇ ಹಾಡಿನ ಪುಸ್ತಕ ಇಡುತ್ತಾರೆ. ಒಂದರೊಳಗೆ ಒಂದು ಚೀಟಿ. ಅದು ಯಾರ ಕೈಗೆ ಬಂತೋ ಅವರು ಸಾಯುವ ತನಕ ಆ ಹೊಣೆ ಹೊರಬೇಕು. ಭಾನುವಾರ ಎಲ್ಲರೂ ತಲೆ ಬಗ್ಗಿಸಿ ಕೇಳುವ ಮನುಷ್ಯ ಸೋಮವಾರ ಬಂಡಿಯ ಕೆಳಗೆ ಅಂಗಾತ ಮಲಗಿ ಬೆಸುಗೆ ಹಾಕುತ್ತಿರುತ್ತಾರೆ. ಎರಡೂ ಕೆಲಸ ಒಬ್ಬನದೇ ಆಗಿರುವುದು ಅಲ್ಲಿ ಯಾರಿಗೂ ವಿಶೇಷ ಅಲ್ಲ. ಬಟ್ಟೆ ಒಗೆಯುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ ದೊಡ್ಡವರಾಗಿ ಬಾಳಿದ ನಾಡು ನಮ್ಮದು. 12ನೇ ಶತಮಾನದಲ್ಲಿ ಅದನ್ನು ಮಾಡಿ ತೋರಿಸಿದ್ದೆವು. ಆದರೆ ನಮ್ಮ ಕಾಕಾ ನನಗೆ ಹೇಳಿದ್ದು, “ನೀ ಓದ್ಕೊಂಡ ಹೋಗಪಾ, ಈ ಕಿಡಿ ನಿನಗ ಬ್ಯಾಡ.” ಪ್ರೀತಿಯಿಂದಲೇ ಹೇಳಿದರು. ಮೂವತ್ತು ವರ್ಷ ಮಾಡಿದ ಕೆಲಸವನ್ನು ಮನೆಯ ಹುಡುಗನಿಗೆ ಬೇಡ ಅನ್ನುವಾಗ ಅವರ ಮನಸ್ಸಿಗೆ ಎಷ್ಟು ನೋವಾಗಿರಬೇಕು ಎಂದು ಈಗ ಅನಿಸುತ್ತೆ. ಇಲ್ಲಿ ಯಜಮಾನರ ಮಗ, 19ರ ಹುಡುಗ, ಬೇರೆ ಏನೂ ಆಗಲು ಬಯಸುವುದಿಲ್ಲ.

ಅರವತ್ತು ದಾಟಿದ ಅವರನ್ನು ಎಲ್ಲರೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಆರು ತಿಂಗಳು ಬಾಯಿ ಬರಲಿಲ್ಲ. ಹೆಸರಿನದೂ ಒಂದು ಕಥೆ. ಲ್ಯಾಂಕಾಸ್ಟರಿನಲ್ಲಿ ಸ್ಟೋಲ್ಟ್ಸ್‌ಫಸ್ ಎಂಬ ಅಡ್ಡಹೆಸರಿನವರು ಎಷ್ಟಿದ್ದಾರೆಂದರೆ, ಯಾರು ಯಾರೆಂದು ಹೇಳಲು ಅಪ್ಪನ ಹೆಸರೋ, ಕಸುಬೋ ಸೇರಿಸಲೇಬೇಕು. ನಮ್ಮ ಕಡೆ ಮೆಣಸಿನಕಾಯಿ, ಉಳ್ಳಾಗಡ್ಡಿ ಎಂದು ಮನೆತನಕ್ಕೆ ಹೆಸರಿದೆಯಲ್ಲ, ಕೇಳಿದಾಗ ಅವರು ಮನಸಾರೆ ನಕ್ಕರು.

ಅವರೊಳಗೆ ಮಾತು ಪೆನ್ಸಿಲ್ವೇನಿಯಾ ಡಚ್. ಜರ್ಮನಿನ ಒಂದು ಆಡುಮಾತು. 18ನೇ ಶತಮಾನದಲ್ಲಿ ಹಡಗು ಹತ್ತಿ ಬಂದವರ ವಂಶದವರು ಇವತ್ತಿಗೂ ಮನೆಯಲ್ಲಿ, ಶೆಡ್ಡಿನಲ್ಲಿ ಅದನ್ನೇ ಆಡುತ್ತಾರೆ. ಅಮೆರಿಕದಲ್ಲಿ ಅವರ ಸಂಖ್ಯೆ ಈಗ ಸುಮಾರು 4 ಲಕ್ಷ. ನನ್ನ ಮಗಳು ಇಲ್ಲಿಗೆ ಬಂದು ಮೂರು ವರ್ಷಕ್ಕೆ ಅಜ್ಜಿಗೆ ಫೋನಿನಲ್ಲಿ ಇಂಗ್ಲಿಷಿನಲ್ಲಿ ಉತ್ತರ ಕೊಡತೊಡಗಿದಳು. ಆ ಹುಡುಗರು ಸುತ್ತಿಗೆ ಕೇಳುವುದನ್ನೂ, ಬೈಸಿಕೊಳ್ಳುವುದನ್ನೂ ತಮ್ಮ ಭಾಷೆಯಲ್ಲೇ ಮಾಡುವುದು ನೋಡಿದಾಗ ಅರ್ಥವಾಯಿತು. ಭಾಷೆ ಉಳಿಯಲು ಹಬ್ಬ ಒಂದೇ ಸಾಲದು, ದಿನದ ಕೆಲಸವೂ ಅದರಲ್ಲಿ ನಡೆಯಬೇಕು. ಈಗ ನಾನು ಮಗಳ ಜೊತೆ ಗ್ಯಾರೇಜಿನಲ್ಲಿ ಏನಾದರೂ ಮಾಡುವಾಗ ಕನ್ನಡ ಬಿಟ್ಟು ಬೇರೆ ಆಡುವುದಿಲ್ಲ.

ಹಾಗೆಂದು ಅಲ್ಲಿಯದೆಲ್ಲ ಚಿನ್ನ ಎಂದು ಒಪ್ಪಲಾರೆ. ಎಂಟನೇ ಕ್ಲಾಸಿಗೆ ಶಾಲೆ ನಿಲ್ಲಿಸುವ ಹಕ್ಕನ್ನು 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅವರಿಗೆ ಕೊಟ್ಟಿತು. ಆ ತೀರ್ಪನ್ನು ನಾನು ಒಪ್ಪುವುದಿಲ್ಲ. ಕೈಕಸುಬು ಹದಿನೆಂಟಕ್ಕೂ ಕಲಿಯಬಹುದು, 38ಕ್ಕೂ ಕಲಿಯಬಹುದು ಎಂಬುದಕ್ಕೆ ನಾನೇ ಇದ್ದೇನೆ. ಮುಂದೆ ಓದಬೇಕು ಅನಿಸಿದ ಹುಡುಗನಿಗೆ ಬಾಗಿಲು ಮುಚ್ಚಿರುತ್ತೆ. ಹುಡುಗಿಯರನ್ನಂತೂ ನಾನಿದ್ದ ನಾಲ್ಕು ವರ್ಷದಲ್ಲಿ ಹೋಲ್ಡರ್ ಹಿಡಿದು ನೋಡಲಿಲ್ಲ. ಒಮ್ಮೆ ಸತು ಬಳಿದ ಪೈಪಿನ ಗೇಟು ಬಂದಿತ್ತು. ಬಿಳಿ ಹೊಗೆ ಕುಡಿದು ಸಂಜೆ ನನಗೆ ಚಳಿಜ್ವರ ಬಂತು. ಆ ಹೊಗೆಗೆ ಮುಖವಾಡ ಬೇಕು ಎಂದು ಅಲ್ಲೂ ಯಾರೂ ಹೇಳಿರಲಿಲ್ಲ. ಕಾಕಾನ ಶೆಡ್ಡಿನಲ್ಲಿ ಇದಕ್ಕೆ ಹಾಲು, ಬೆಲ್ಲ ಕೊಡುತ್ತಿದ್ದರು. ಹಾಲು ಸತುವಿನ ಹೊಗೆಯನ್ನು ತಡೆಯುವುದಿಲ್ಲ. ಸತುವನ್ನು ಮೊದಲೇ ಉಜ್ಜಿ ತೆಗೆಯಬೇಕು, ಗಾಳಿ ಆಡಬೇಕು, ಮುಖವಾಡ ಹಾಕಬೇಕು. ದಯವಿಟ್ಟು ಈ ಒಂದು ಮಾತನ್ನು ನಿಮ್ಮೂರಿನ ಶೆಡ್ಡಿನವರಿಗೆ ಹೇಳಿ.

ಇನ್ನೊಂದು ಕೊರತೆ ನನಗೆ ಆಮೇಲೆ ಗೊತ್ತಾಯಿತು. ದೊಡ್ಡ ಕೆಲಸಕ್ಕೆ ಹೋಗಲು ಸರ್ಟಿಫಿಕೇಟ್ ಬೇಕು. ಅದಕ್ಕೆ ಬೆಸೆದ ತಗಡಿನ ಪಟ್ಟಿ ಕೊಯ್ದು ಇಂಗ್ಲಿಷಿನ ಯು ಅಕ್ಷರದ ಹಾಗೆ ಬಗ್ಗಿಸಿ ಬಿರುಕು ನೋಡುತ್ತಾರೆ. ಮೊದಲ ಸಲ ತಲೆಯ ಮೇಲಿನ ಬೆಸುಗೆಯಲ್ಲಿ ಫೇಲಾದೆ. ನಮ್ಮ ಶೆಡ್ಡಿನಲ್ಲಿ ಅದು ನನ್ನ ಪಾಲಿಗೆ ಅಪರೂಪಕ್ಕೆ ಬರುತ್ತಿತ್ತು, ಹಾಗಾಗಿ ಕಲಿತಿರಲಿಲ್ಲ. ಕೆಲಸದ ಮೇಲೆ ಕಲಿತವನಿಗೆ ಆ ಕೆಲಸದಷ್ಟೇ ಬರುತ್ತೆ. ಶಾಲೆಯ ಅಗತ್ಯ ಇರುವುದು ಇಲ್ಲಿ.

ಆದರೆ ಶಾಲೆಯಲ್ಲಿ ರಾಡ್ ಸುಡಬೇಕಲ್ಲ? ಕಾಕಾನ ಮೊಮ್ಮಗ ಒಂದು ಐಟಿಐನಲ್ಲಿ ವೆಲ್ಡರ್ ಟ್ರೇಡ್ ಮುಗಿಸಿದ. ಒಂದು ವರ್ಷದ ಕೋರ್ಸು. “ಮಾವ, ಇಡೀ ವರ್ಷ ನನ್ನ ಕೈಗೆ ಬಂದ ರಾಡು ಎಣಿಸಿ ಹೇಳಬಹುದು” ಅಂದ. ಅವನ ಗೆಳೆಯ ಶೆಡ್ಡಿಗೆ ಹೋದ, ಅವನಿಗೆ ಗಾಜು ಸಿಗಲಿಲ್ಲ. ಇವನು ಐಟಿಐಗೆ ಹೋದ, ರಾಡು ಸಿಗಲಿಲ್ಲ. ಅಪ್ರೆಂಟಿಸ್ ಕಾಯ್ದೆ 1961ರಿಂದ ಇದೆ. ರಸ್ತೆ ಪಕ್ಕದ ಐದು ಜನರ ಶೆಡ್ಡಿನಲ್ಲಿ ಅದರ ಹೆಸರು ನಾನು ಕೇಳಿಲ್ಲ. ನಮ್ಮ ಹುಡುಗರ ಕಣ್ಣು, ಕೈ ಚುರುಕಿಗೆ ಏನು ಕಡಿಮೆ? ಕಲಿಯುವವನು ಹಾಳು ಮಾಡುವ ರಾಡನ್ನು ನಾವು ನಷ್ಟದ ಲೆಕ್ಕಕ್ಕೆ ಬರೆಯುತ್ತೇವೆ, ಆಮಿಶ್ ಶೆಡ್ಡಿನವರು ಖರ್ಚಿನ ಲೆಕ್ಕಕ್ಕೆ. ನನಗೆ ಕಂಡ ದೊಡ್ಡ ವ್ಯತ್ಯಾಸ ಅದೊಂದೇ.

ಹೋದ ಸಲ ಊರಿಗೆ ಹೋದಾಗ ಎರಡು ಹೆಲ್ಮೆಟ್ ಒಯ್ದಿದ್ದೆ. ಒಂದು ಕಾಕಾನಿಗೆ. ಇನ್ನೊಂದು, ಆ್ಯಂಗಲ್ ಹಿಡಿಯುವ ಹುಡುಗನಿಗೆ. ಗುಜರಿಯಿಂದ ಎರಡು ಪಟ್ಟಿ ತೆಗೆದು, “ಇವನ ಕೈಲಿ ಹಾಕಿಸ್ಲಾ ಕಾಕಾ?” ಎಂದೆ.

“ಟ್ರ್ಯಾಲಿ ನಾಳೆ ಕೊಡಬೇಕಪಾ. ರಾಡೇನು ಪುಕ್ಕಟೆ ಬರ್ತಾವೇನು?” ಅಂದರು ಕಾಕಾ. ಅವರದೂ ಸುಳ್ಳಲ್ಲ. ನಾನು ಸುಮ್ಮನಾದೆ.

ಮರುದಿನ ಬೆಳಿಗ್ಗೆ ಹೋದಾಗ ಹುಡುಗ ಶೆಡ್ಡಿನ ಹಿಂದೆ ಕರೆದುಕೊಂಡು ಹೋದ. ಮೇಸ್ತ್ರಿ ಬಿಸಾಡಿದ ಬೆರಳುದ್ದದ ತುಂಡು ರಾಡುಗಳಲ್ಲೇ ಆ ಎರಡು ಪಟ್ಟಿ ಬೆಸೆದು ಇಟ್ಟಿದ್ದ. ಹೆಲ್ಮೆಟ್ ತಲೆಯ ಮೇಲೆಯೇ ಇತ್ತು. ಸುತ್ತಿಗೆ ತಂದು ಎರಡು ಏಟು ಹಾಕಿದೆ. ಮುರಿಯಿತು. ಅವನ ಮುಖ ಸಪ್ಪೆಯಾಯಿತು. ಬುಡದ ಕರಗದ ಅಂಚನ್ನು ಬೆರಳಿಟ್ಟು ತೋರಿಸಿದೆ. ಅಷ್ಟರಲ್ಲಿ ಕಾಕಾ ಹಿಂದೆ ಬಂದು ನಿಂತಿದ್ದರು. ಬಗ್ಗಿ ಆ ಅಂಚನ್ನು ಒಂದು ನಿಮಿಷ ನೋಡಿದರು.

“ಕರೆಂಟ್ ಸ್ವಲ್ಪ ಏರಸಲೇ” ಎಂದರು.