ನಮ್ಮ ಪಾಳಿ ನಂಬರ್ 504

ಮಗಳ ಪ್ರವೇಶ ಪರೀಕ್ಷೆಯ ಅರ್ಜಿಗೆ ಮೊನ್ನೆ ರಾತ್ರಿ ಹನ್ನೆರಡಕ್ಕೆ ಗಡುವು. 'ಇನ್ನೂ ಹದಿನೈದು ದಿನ ಅದ ಬಿಡು' ಅಂತ ಕೂತಿದ್ದವ ನಾನೇ, ಆ ಮಾತು ಬೇರೆ. ಕಲಬುರಗಿಯ ಮೇ ತಿಂಗಳು. ರಾತ್ರಿ ಎಂಟಾದರೂ ಗೋಡೆ ಮುಟ್ಟಿದರೆ ರೊಟ್ಟಿ ಹಂಚು. ಬನಿಯನ್ನಿನಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತೆ. ಪರೀಕ್ಷೆ ಬರೆಯಬೇಕಾದವಳು ಗಡದ್ದಾಗಿ ನಿದ್ದೆ ಹೊಡೆಯುತ್ತಿದ್ದಳು.

ಮೊದಲ ತೊಡಕು ಜಿಲ್ಲೆಯದು. ಇಂಗ್ಲಿಷ್ ಪಟ್ಟಿಯ 'ಕೆ' ಅಕ್ಷರದಲ್ಲಿ ಕೊಡಗು, ಕೋಲಾರ, ಕೊಪ್ಪಳ ಎಲ್ಲ ಇವೆ, ನಾವಿಲ್ಲ. ಕೊನೆಗೆ ಗದಗದ ಮಗ್ಗುಲಲ್ಲಿ 'ಗುಲ್ಬರ್ಗಾ' ಸಿಕ್ಕಿತು. 2014ರ ನವೆಂಬರ್ 1ಕ್ಕೆ ಊರ ಹೆಸರು ಬದಲಾದ ಸುದ್ದಿ ಆ ಜಾಲತಾಣಕ್ಕೆ ಇನ್ನೂ ಮುಟ್ಟಿಲ್ಲ. ಜಾಲತಾಣ 404 ಅಂತ ನಂಬರ್ ತೋರಿಸಿತು ಅಂದರೆ ಹುಡುಕಿದ ಪುಟ ಸಿಗಲಿಲ್ಲ ಅಂತ. ಇಲ್ಲಿ ಇಡೀ ಜಿಲ್ಲೆಯೇ 404.

ಎಲ್ಲ ತುಂಬಿ 'ಸಬ್ಮಿಟ್' ಒತ್ತಿದೆ. ಚಕ್ರ ತಿರುಗಿತು, ತಿರುಗಿತು, 504 ಅಂದಿತು. ಜಾಲತಾಣದ ಬಾಗಿಲಲ್ಲಿ ಕೂತ ಸರ್ವರ್, ಅಂದರೆ ನಮ್ಮ ಕೋರಿಕೆ ತಗೊಳ್ಳುವ ಕಂಪ್ಯೂಟರ್, ಒಳಗಿನ ಸರ್ವರಿನ ಉತ್ತರಕ್ಕೆ ಕಾದು ಕಾದು ಬೇಸತ್ತಾಗ ಬರುವ ನಂಬರಿದು. ನಾಲ್ಕುನೂರರ ಮನೆತನದ್ದು ಸಾಮಾನ್ಯವಾಗಿ ನಮ್ಮ ಕಡೆಯ ತಪ್ಪು, ಐದುನೂರರದು ಅವರ ತಪ್ಪು. ತಪ್ಪು ಯಾರದೇ ಇರಲಿ, ಬೆವರು ಮಾತ್ರ ನಮ್ಮದು.

ಹೊರಸಿನ ಮೇಲಿದ್ದ ಅಪ್ಪ ಕೇಳಿದರು, "ಎಷ್ಟು ಬಂತೋ?"

"ಐನೂರಾ ನಾಕು."

ಡೈರಿ ತೆಗೆದು ಬರೆದುಕೊಂಡರು. ಮತ್ತೆ ಒತ್ತಿದೆ. 503. ಹೊರೆ ತಾಳದೆ ಸರ್ವರ್ ಕೈಚೆಲ್ಲಿದೆ ಎಂದರ್ಥ. ಅಪ್ಪನ ಮುಖ ಅರಳಿತು. "ಒಂದು ಇಳೀತು!" ಆಮೇಲೆ 502. "ಪಾಳಿ ಸರೀಲಾಕತ್ತದ ನೋಡು. ಸುಮ್ಮ ಕೂಡು, ಗಡಬಡಿ ಮಾಡಬ್ಯಾಡ."

ಬ್ಯಾಂಕಿನ ಟೋಕನ್ ಅಂದುಕೊಂಡಿದ್ದಾರೆ ಅಂತ ಆಗ ಹೊಳೆಯಿತು. ಮತ್ತೆ 504 ಬಂದಾಗಂತೂ ಹೊರಸಿನಿಂದ ಎದ್ದೇಬಿಟ್ಟರು. "ನಡುವ ಯಾವನೋ ಇಬ್ಬರನ್ನ ಒಳಗ ಬಿಟ್ಟಾನ! ಇಲ್ಲೂ ವಶೀಲಿ ನಡೀತದೇನು?"

"ಅಪ್ಪಾ, ಅದು ಪಾಳಿ ನಂಬರ್ ಅಲ್ಲ."

"ಮತ್ತ ನಂಬರ್ ಯಾಕ ಕೊಡ್ತಾರ?"

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಸಿಟ್ಟಿಗೆ ರಿಫ್ರೆಶ್ ಒತ್ತಿದ್ದೇ ಒತ್ತಿದ್ದು. ಹಾಗೆ ಮಾಡಬಾರದು, ದುಡ್ಡು ಕಟ್ಟುವ ಪುಟವಾದರೆ ಎರಡೆರಡು ಸಲ ಕಡಿತವಾದೀತು, ಗೊತ್ತು. ಬೆರಳು ಕೇಳಬೇಕಲ್ಲ. ಬಂತು 429: 'ಎಷ್ಟು ಸಲ ಬಾಗಿಲು ಬಡೀತಿ, ದೂರ ನಿಲ್ಲು' ಅನ್ನುವ ಶಿಕ್ಷೆ. ಅಪ್ಪನ ಲೆಕ್ಕದಲ್ಲಿ ಒಮ್ಮೆಲೇ ಎಪ್ಪತ್ತೈದು ಮಂದಿ ಖಾಲಿ. "ಭೇಷ್! ಊಟಕ್ಕ ಹೋದವ ತಿರುಗಿ ಬಂದಾನ ಕಾಣ್ತದ."

ನಗು ಬಂತು, ನಗಲಾಗಲಿಲ್ಲ. ಸೀಮೆಎಣ್ಣೆಗೆ, ಸಕ್ಕರೆಗೆ ಎಷ್ಟು ಪಾಳಿ ಹಚ್ಚಿದ ಮನುಷ್ಯ. ನನ್ನ ಕಾಲೇಜಿನ ಫಾರಂಗೆ ಕಿಟಕಿ ಮುಂದೆ, ತಲೆ ಮೇಲೆ ಟವೆಲ್ ಹಾಕಿಕೊಂಡು ಮಟಮಟ ಮಧ್ಯಾಹ್ನ ನಿಂತವರು ಅವರೇ. ನಾನು ಬೇವಿನ ಮರದ ನೆರಳಲ್ಲಿ ಕಬ್ಬಿನ ಹಾಲು ಕುಡಿಯುತ್ತಿದ್ದೆ. ಆಗ ಮುಂದೆ ಎಷ್ಟು ತಲೆ ಇವೆ ಅಂತ ಎಣಿಸಲಾದರೂ ಬರುತ್ತಿತ್ತು.

ಹನ್ನೊಂದಕ್ಕೆ ಅಪ್ಪನಿಗೆ ಜೊಂಪು ಹತ್ತಿತು. 11:52ಕ್ಕೆ, ಯಾವ ಪುಣ್ಯವೋ, ಅರ್ಜಿ ಹೋಯಿತು.

ಮುಂಜಾನೆ ಚಹಾ ಬಸಿಗೆ ಸುರಿಯುತ್ತ ಕೇಳಿದರು, "ಎಷ್ಟಕ್ಕ ಹೋತು?"

ಎಲ್ಲ ಸುಸೂತ್ರವಾದಾಗ ಸರ್ವರ್ ಒಳಗೊಳಗೇ ಹೇಳುವ ನಂಬರು 200. ನಮ್ಮ ಕಣ್ಣಿಗೆ ಬೀಳುವುದಿಲ್ಲ. "ಇನ್ನೂರಕ್ಕ" ಅಂದೆ.

ಡೈರಿಯಲ್ಲಿ ಬರೆದರು. ಪೆನ್ನು ಹಾಗೇ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅಂದ್ರ ನಮ್ಮ ಮುಂದ ಇನ್ನೂ ನೂರಾ ತೊಂಬತ್ತೊಂಬತ್ತು ಮಂದಿ ಇದ್ದರಲ್ಲೋ. ಪಾಪ, ಅವರ ಮಕ್ಕಳದೇನಾತು?"